ಯಾವೂರ ಮಗು ಇದು? ಪೇಪರಿನ ಫೋಟೋ ಮತ್ತು ನಮಗೆ ತಿಳಿಯುವ ಲೋಕ

2015ರ ಸೆಪ್ಟೆಂಬರ್ ಮೊದಲ ವಾರ. ಅಮ್ಮ ಅಡುಗೆಮನೆ ಹೊಸ್ತಿಲ ಬಳಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ಪಕ್ಕದಲ್ಲಿ ಆ ದಿನದ ಪೇಪರ್ ಬಿದ್ದಿತ್ತು. ಅದರಲ್ಲೊಂದು ಫೋಟೋ. ಸಮುದ್ರದ ದಡ, ಕೆಂಪು ಅಂಗಿ, ನೀಲಿ ಚಡ್ಡಿ, ಪುಟ್ಟ ಶೂ. ಮಗುವೊಂದು ಬೋರಲು ಮಲಗಿತ್ತು. ಮನೆಯ ಚಾಪೆ ಮೇಲೆ ಮಕ್ಕಳು ಮಲಗುತ್ತಾವಲ್ಲ, ಹಾಗೇ.

ಅಮ್ಮನ ಕೈ ನಿಂತಿತು. “ಯಾವೂರ ಮಗುನೋ ಇದು?” ಎಂದು ಕೇಳಿದರು.

ಸಿರಿಯಾ ಅಂದೆ. “ಅದೆಲ್ಲಿ ಬರುತ್ತೆ?” ಅಂದರು. ನನಗೆ ಸರಿಯಾಗಿ ಹೇಳಲು ಆಗಲಿಲ್ಲ. ಸಿರಿಯಾದಲ್ಲಿ ಯುದ್ಧ ಶುರುವಾಗಿ ನಾಲ್ಕು ವರ್ಷ ಆಗಿತ್ತು. ಎರಡು ಲಕ್ಷಕ್ಕೂ ಜಾಸ್ತಿ ಜನ ಸತ್ತಿದ್ದರು. ಆ ಲೆಕ್ಕವನ್ನು ನಾನು ಎಷ್ಟೋ ಸಲ ಓದಿದ್ದೆ. ಆದರೂ ನಕ್ಷೆ ಕೊಟ್ಟು ತೋರಿಸು ಅಂದಿದ್ದರೆ ಬೆರಳು ಎಲ್ಲೋ ಹೋಗುತ್ತಿತ್ತು. ಅವತ್ತು ಸಂಜೆ ಕೂತು ಹುಡುಕಿದೆ. ಮಗುವಿನ ಹೆಸರು ಅಲನ್ ಕುರ್ದಿ, ವಯಸ್ಸು ಎರಡು. ಊರು ಕೊಬಾನಿ. ಸಿರಿಯಾದ ಉತ್ತರದ ಅಂಚಿನಲ್ಲಿ, ಟರ್ಕಿಯ ಗಡಿಗೆ ಅಂಟಿಕೊಂಡ ಕುರ್ದರ ಊರು. ಐಸಿಸ್ ದಾಳಿಗೆ ಸಿಕ್ಕಿ ನುಚ್ಚುನೂರಾದ ಊರು. ಟರ್ಕಿಯ ಬೋಡ್ರಮ್‌ನಿಂದ ಗ್ರೀಸ್‌ನ ಕೋಸ್ ದ್ವೀಪ ಕೆಲವೇ ಕಿಲೋಮೀಟರ್ ದೂರ. ಗಾಳಿ ತುಂಬಿದ ದೋಣಿಯಲ್ಲಿ ಅಷ್ಟು ದಾಟಿದರೆ ಯುರೋಪ್. ದೋಣಿ ಮಗುಚಿತು. ಮಗು, ಅದರ ಅಣ್ಣ, ತಾಯಿ ಮೂವರೂ ಹೋದರು. ಅಪ್ಪ ಒಬ್ಬನೇ ಉಳಿದ. ಸೆಪ್ಟೆಂಬರ್ 2ರ ಬೆಳಿಗ್ಗೆ ಆ ದಡದಲ್ಲಿ ಫೋಟೋ ತೆಗೆದದ್ದು ಟರ್ಕಿಯ ಪತ್ರಕರ್ತೆ ನಿಲುಫರ್ ದೆಮಿರ್.

ನಾಲ್ಕು ವರ್ಷದ ಸುದ್ದಿ ಮಾಡದ ಕೆಲಸವನ್ನು ಒಂದು ಫೋಟೋ ಒಂದು ಸಂಜೆಯಲ್ಲಿ ಮಾಡಿತ್ತು. ಇದು ನನ್ನೊಬ್ಬನ ಕತೆ ಅಲ್ಲ. ಫೋಟೋ ಬಂದ ಕೆಲವೇ ದಿನಕ್ಕೆ ಬ್ರಿಟನ್ನಿನ ಪ್ರಧಾನಿ ಡೇವಿಡ್ ಕ್ಯಾಮರನ್ 20,000 ಸಿರಿಯನ್ನರನ್ನು ಕರೆಸಿಕೊಳ್ಳುತ್ತೇವೆ ಎಂದು ಹೇಳಬೇಕಾಯಿತು. ಸ್ವೀಡನ್ನಿನ ರೆಡ್‌ಕ್ರಾಸ್ ಸಿರಿಯಾ ನಿರಾಶ್ರಿತರಿಗಾಗಿ ನಿಧಿಯೊಂದನ್ನು ನಡೆಸುತ್ತಿತ್ತು. ಅದಕ್ಕೆ ಬರುವ ದೇಣಿಗೆಗಳನ್ನು ಮನಶ್ಶಾಸ್ತ್ರಜ್ಞ ಪಾಲ್ ಸ್ಲೋವಿಕ್ ಮತ್ತು ಸಂಗಡಿಗರು ದಿನದಿನದ ಲೆಕ್ಕ ಹಿಡಿದು ನೋಡಿದರು. ಹಿಂದಿನ ವಾರಕ್ಕಿಂತ ಫೋಟೋ ಬಂದ ನಂತರದ ವಾರ ದೇಣಿಗೆಗಳ ಸಂಖ್ಯೆ 100 ಪಟ್ಟು ಮೀರಿತ್ತು. ಸುಮಾರು ಆರು ವಾರ ಕಳೆಯುವಷ್ಟರಲ್ಲಿ ಅದು ಮತ್ತೆ ಹಳೆಯ ಮಟ್ಟಕ್ಕೆ ಇಳಿದಿತ್ತು. ಯುದ್ಧವೇನೂ ನಿಂತಿರಲಿಲ್ಲ. ಸಮುದ್ರದಲ್ಲಿ ಮಕ್ಕಳು ಮುಳುಗುವುದೂ ನಿಂತಿರಲಿಲ್ಲ.

ಫೋಟೋ ಎಷ್ಟು ಬೇಗ ಮನಸ್ಸು ಕರಗಿಸುತ್ತದೋ ಅಷ್ಟೇ ಬೇಗ ಮರೆತೂ ಹೋಗುತ್ತದೆ ಎಂದು ಇದನ್ನು ಓದಿದವರು ಹೇಳುತ್ತಾರೆ. ನನಗೆ ಅದೇ ಅಧ್ಯಯನದ ಇನ್ನೊಂದು ಮಾತು ಹೆಚ್ಚು ಮುಖ್ಯ ಅನ್ನಿಸಿತು. ಆ ತಿಂಗಳು ತುಂಬಾ ಜನ ಪ್ರತಿ ತಿಂಗಳೂ ಇಷ್ಟು ಕೊಡುತ್ತೇವೆ ಎಂದು ಹೆಸರು ಬರೆಸಿದ್ದರು. ಅವರಲ್ಲಿ ಹೆಚ್ಚುಕಡಿಮೆ ಎಲ್ಲರೂ ತಿಂಗಳುಗಳ ನಂತರವೂ ಕೊಡುತ್ತಲೇ ಇದ್ದರು. ಫೋಟೋ ನೋಡಿದ ಗಳಿಗೆಯಲ್ಲಿ ಏನಾದರೂ ಒಂದಕ್ಕೆ ತನ್ನನ್ನು ಕಟ್ಟಿಕೊಂಡವನಿಗೆ ಅದು ಆರು ವಾರಕ್ಕೆ ಆರಿಹೋಗಿಲ್ಲ. ಹಣವೇ ಆಗಬೇಕು ಅಂತಲೂ ಇಲ್ಲ. ಒಂದು ದೇಶದ ಹೆಸರನ್ನು ನೆನಪಿಟ್ಟುಕೊಂಡು ಅದರ ಸುದ್ದಿ ಬಂದಾಗಲೆಲ್ಲ ನಿಂತು ಓದುವುದೂ ಒಂದು ಕಟ್ಟು. ನನಗೆ ಸಿರಿಯಾ ಹಾಗಾಯಿತು. 2024ರ ಡಿಸೆಂಬರ್‌ನಲ್ಲಿ ಸಿರಿಯಾದ ಅಧ್ಯಕ್ಷ ಬಶರ್ ಅಲ್ ಅಸದ್ ದೇಶ ಬಿಟ್ಟು ಓಡಿದಾಗ ನನಗೆ ಮೊದಲು ನೆನಪಾದದ್ದು ಆ ಕೆಂಪು ಅಂಗಿ.

ಸರಿ, ಫೋಟೋ ನೋಡಿದರೆ ಲೋಕ ತಿಳಿಯುತ್ತದೆಯೇ? ಸುಮ್ನೆ ನೋಡಿದರೆ ತಿಳಿಯುವುದಿಲ್ಲ. ಅಮ್ಮನ ಪ್ರಶ್ನೆ ಕೇಳಿದರೆ ತಿಳಿಯುತ್ತದೆ. ಯಾವೂರು? ಯಾರು? ಯಾವತ್ತು? ಅದಕ್ಕೆ ಉತ್ತರ ಇರುವುದು ಫೋಟೋದಲ್ಲಲ್ಲ, ಅದರ ಕೆಳಗಿನ ಸಣ್ಣ ಅಕ್ಷರದ ಅಡಿಬರಹದಲ್ಲಿ.

ಒಂದು ಫೋಟೋವನ್ನು ಹತ್ತಿರದಿಂದ ನೋಡೋಣ. 2017ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ಛಾಯಾಗ್ರಾಹಕ ದಾನಿಶ್ ಸಿದ್ದಿಕಿ ತೆಗೆದದ್ದು. ಒದ್ದೆ ಮರಳಿನ ಮೇಲೆ ಒಬ್ಬ ಹೆಂಗಸು ಕುಸಿದು ಕೂತಿದ್ದಾಳೆ. ಒಂದು ಕೈ ನೆಲ ಮುಟ್ಟುತ್ತಿದೆ. ಹಿಂದೆ ದೋಣಿ, ಸಾಮಾನು ಇಳಿಸುತ್ತಿರುವ ಜನ. ಅಷ್ಟೇ. ಅಡಿಬರಹ ಮುಚ್ಚಿಟ್ಟು ನೋಡಿದರೆ ಆಕೆ ಏನನ್ನೋ ಹುಡುಕುತ್ತಿದ್ದಾಳೆ ಅನ್ನಬಹುದು. ದೇವರಿಗೆ ನಮಸ್ಕಾರ ಮಾಡುತ್ತಿದ್ದಾಳೆ ಅನ್ನಬಹುದು. ಈಗ ಅಡಿಬರಹ ಓದಿ. ಆಕೆ ಮ್ಯಾನ್ಮಾರ್‌ನ ರೋಹಿಂಗ್ಯಾ ಎಂಬ ಮುಸ್ಲಿಂ ಸಮುದಾಯದ ನಿರಾಶ್ರಿತೆ. ಬಂಗಾಳ ಕೊಲ್ಲಿಯನ್ನು ದೋಣಿಯಲ್ಲಿ ದಾಟಿ ಬಂದು, ಬಸವಳಿದು, ದಡ ಮುಟ್ಟುತ್ತಿದ್ದಾಳೆ. ಜಾಗ ಬಾಂಗ್ಲಾದೇಶದ ಶಾ ಪೊರಿರ್ ದ್ವೀಪ್. ದಿನಾಂಕ 11 ಸೆಪ್ಟೆಂಬರ್ 2017.

ಆ ದಿನಾಂಕವೇ ಒಂದು ಬಾಗಿಲು. ಅದಕ್ಕೆ ಎರಡೂವರೆ ವಾರದ ಹಿಂದೆ, ಆಗಸ್ಟ್ 25ರಂದು, ಮ್ಯಾನ್ಮಾರ್‌ನ ರಖೈನ್ ಪ್ರಾಂತ್ಯದಲ್ಲಿ ಬಂಡುಕೋರರು ಪೊಲೀಸ್ ಠಾಣೆಗಳ ಮೇಲೆ ದಾಳಿ ಮಾಡಿದ್ದರು. ಆಮೇಲೆ ಸೇನೆ ಊರೂರುಗಳನ್ನೇ ಸುಟ್ಟಿತು. ಏಳು ಲಕ್ಷಕ್ಕೂ ಹೆಚ್ಚು ಜನ ಗಡಿ ದಾಟಿದರು. ಇಷ್ಟು ತಿಳಿದ ಮೇಲೆ ಮತ್ತೆ ಆ ಕೈ ನೋಡಿ. ಮರಳು ಮುಟ್ಟುತ್ತಿರುವ ಬೆರಳುಗಳಿಗೆ ಈಗ ಬೇರೆಯೇ ಭಾರ ಬಂದಿರುತ್ತದೆ. ಈ ಫೋಟೋ ಸೇರಿದ್ದ ಸರಣಿಗೆ 2018ರಲ್ಲಿ ರಾಯಿಟರ್ಸ್ ತಂಡಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ದಾನಿಶ್ 2021ರ ಜುಲೈ 16ರಂದು ಅಫ್ಘಾನಿಸ್ತಾನದ ಸ್ಪಿನ್ ಬೋಲ್ದಕ್‌ನಲ್ಲಿ, ಕೆಲಸದಲ್ಲಿದ್ದಾಗಲೇ ಕೊಲೆಯಾದರು.

ನಮ್ಮ ಕನ್ನಡ ಪೇಪರುಗಳಲ್ಲಿ ‘ಎಎಫ್‌ಪಿ ಚಿತ್ರ’, ‘ಎಪಿ/ಪಿಟಿಐ ಚಿತ್ರ’, ‘ರಾಯಿಟರ್ಸ್ ಚಿತ್ರ’ ಎಂದು ಸುದ್ದಿಸಂಸ್ಥೆಯ ಹೆಸರನ್ನು ಚಿಕ್ಕದಾಗಿ ಹಾಕಿರುತ್ತಾರೆ. ನಾನೂ ಎಷ್ಟೋ ವರ್ಷ ಅದನ್ನು ದಾಟಿಕೊಂಡೇ ಹೋದೆ. ಆ ಎರಡು ಪದದ ಹಿಂದೆ ಒಬ್ಬ ಮನುಷ್ಯ ಇರುತ್ತಾನೆ. 2022ರ ಮಾರ್ಚ್‌ನಲ್ಲಿ ಉಕ್ರೇನ್‌ನ ಮರಿಯುಪೋಲ್ ನಗರವನ್ನು ರಷ್ಯಾ ಸುತ್ತುಗಟ್ಟಿತ್ತು. ಕರೆಂಟ್ ಇಲ್ಲ, ನೀರಿಲ್ಲ, ನೆಟ್‌ವರ್ಕ್ ಇಲ್ಲ. ಅಂತರರಾಷ್ಟ್ರೀಯ ಸುದ್ದಿಸಂಸ್ಥೆಗಳವರಲ್ಲಿ ಎಪಿಯ ಎವ್ಗೆನಿ ಮಲೊಲೆಟ್ಕ, ಮ್ಸ್ತಿಸ್ಲಾವ್ ಚೆರ್ನೊವ್ ಅವರ ತಂಡ ಮಾತ್ರ ಒಳಗೆ ಉಳಿಯಿತು. ಊರಲ್ಲಿ ಸಿಗ್ನಲ್ ನೆಟ್ಟಗೆ ಸಿಗುತ್ತಿದ್ದುದು ಒಂದೇ ಕಡೆ, ಲೂಟಿಯಾದ ದಿನಸಿ ಅಂಗಡಿಯೊಂದರ ಹೊರಗೆ. ದಿನಕ್ಕೊಂದು ಸಲ ಅಲ್ಲಿಗೆ ಹೋಗಿ, ಮೆಟ್ಟಿಲ ಕೆಳಗೆ ಮುದುರಿ ಕೂತು ಫೋಟೋ, ವಿಡಿಯೋ ಕಳಿಸುತ್ತಿದ್ದರು. ಮಾರ್ಚ್ 9ರಂದು ಹೆರಿಗೆ ಆಸ್ಪತ್ರೆ ಮೇಲೆ ಬಾಂಬ್ ಬಿತ್ತು. ತುಂಬು ಗರ್ಭಿಣಿಯನ್ನು ಸ್ಟ್ರೆಚರ್ ಮೇಲೆ ಹೊತ್ತು ಅವಶೇಷಗಳ ನಡುವೆ ಓಡುತ್ತಿರುವ ಆ ಫೋಟೋ ಹೊರಬಂದದ್ದೂ ತುಂಬಾ ಕಷ್ಟಪಟ್ಟು. ಆಕೆಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಅಷ್ಟಾದರೂ ರಷ್ಯಾದ ಅಧಿಕಾರಿಗಳು ಇದೆಲ್ಲ ನಾಟಕ, ನಟಿಯರನ್ನು ಕರೆತಂದು ತೆಗೆಸಿದ್ದು ಎಂದರು.

ಸುಳ್ಳು ಫೋಟೋದ ತೊಂದರೆ ಎರಡು ಥರ. ಒಂದು ಎಲ್ಲರಿಗೂ ಗೊತ್ತಿರುವುದು: ಇಲ್ಲದ್ದನ್ನು ಇದೆ ಎಂದು ತೋರಿಸುವುದು. 2023ರ ಮೇ 22ರಂದು ಅಮೆರಿಕದ ರಕ್ಷಣಾ ಕಚೇರಿ ಪೆಂಟಗನ್ ಹತ್ತಿರ ಸ್ಫೋಟ ಆಗಿದೆ ಎಂಬ ಚಿತ್ರ ಓಡಾಡಿತು. ಎಐ ತಯಾರಿಸಿದ್ದು. ಷೇರುಪೇಟೆ ಕೆಲವು ನಿಮಿಷ ಅಲುಗಾಡಿತು. ಎರಡನೆಯದು ಇನ್ನೂ ಕೆಟ್ಟದ್ದು: ಇರುವುದನ್ನು ಇಲ್ಲ ಎನ್ನುವುದು. ಮರಿಯುಪೋಲ್‌ನಲ್ಲಿ ಆದದ್ದು ಅದು. ಈಗ ಎಐ ಬಂದ ಮೇಲೆ ಅಂಥವರಿಗೆ ಕೆಲಸ ಸುಲಭವಾಗಿದೆ. ಯಾವ ಕ್ರೌರ್ಯದ ಫೋಟೋ ಬಂದರೂ “ಅದು ಎಐ ಬಿಡ್ರಿ” ಎಂದು ಒಂದೇ ಮಾತಲ್ಲಿ ಮುಗಿಸಿಬಿಡಬಹುದು. ಸತ್ತವರನ್ನು ಎರಡನೇ ಸಲ ಸಾಯಿಸಿದ ಹಾಗೆ ಅದು. ನನಗೆ ಸುಳ್ಳು ಫೋಟೋಗಿಂತ ಈ ಮಾತಿನ ಭಯ ಜಾಸ್ತಿ.

ಇನ್ನು ಎಐ ಬೇಡವೇ ಬೇಡ, ತಪ್ಪು ಅಡಿಬರಹ ಒಂದಿದ್ದರೆ ಸಾಕು. 2015ರ ಏಪ್ರಿಲ್‌ನಲ್ಲಿ ನೇಪಾಳದಲ್ಲಿ ಭೂಕಂಪ ಆಯಿತು. ಸುಮಾರು 9,000 ಜನ ಸತ್ತರು. ಆಗ ನಮ್ಮ ನೆಂಟರ ವಾಟ್ಸಾಪ್ ಗುಂಪಿಗೆ ಒಂದು ಫೋಟೋ ಬಂತು. ಪುಟ್ಟ ಹುಡುಗ, ಅವನನ್ನು ಬಿಗಿಯಾಗಿ ಅಪ್ಪಿ ಹಿಡಿದ ಇನ್ನೂ ಪುಟ್ಟ ತಂಗಿ. ನೇಪಾಳದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡ ಮಕ್ಕಳು ಎಂದು ಬರೆದಿತ್ತು. ನನ್ನ ಚಿಕ್ಕಮ್ಮ ಅತ್ತರು. ನಾನೂ ನಾಲ್ಕು ಜನಕ್ಕೆ ಕಳಿಸಿದೆ. ಆಮೇಲೆ ತಿಳಿಯಿತು, ಅದು ನೇಪಾಳವೇ ಅಲ್ಲ. ವಿಯೆಟ್ನಾಂನ ಛಾಯಾಗ್ರಾಹಕ ನಾ ಸೋನ್ ನ್ಗುಯೆನ್ 2007ರಲ್ಲಿ ತನ್ನ ದೇಶದ ಹಾ ಜಾಂಗ್ ಎಂಬ ಗುಡ್ಡಗಾಡಿನಲ್ಲಿ ತೆಗೆದ ಫೋಟೋ. ಅಪ್ಪ ಅಮ್ಮ ಹೊಲದ ಕೆಲಸಕ್ಕೆ ಹೋಗಿದ್ದರು, ಮಕ್ಕಳು ಮನೆ ಮುಂದೆ ಆಡುತ್ತಿದ್ದರು. ಅಪರಿಚಿತನನ್ನು ಕಂಡು ಪುಟ್ಟಿಗೆ ಅಳು ಬಂದಿತ್ತು, ಅಷ್ಟೇ. ಫೋಟೋ ನಿಜ, ಅಳು ನಿಜ, ಅಪ್ಪುಗೆ ನಿಜ. ಊರು ಮಾತ್ರ ಸುಳ್ಳು. ಊರು ಸುಳ್ಳಾದ ಕೂಡಲೇ ಎಲ್ಲವೂ ಸುಳ್ಳಾಯಿತು.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡೆ. ಮನಸ್ಸು ಕಲಕುವ ಫೋಟೋ ಬಂದರೆ ಮುಂದಕ್ಕೆ ಕಳಿಸುವ ಮೊದಲು ಗೂಗಲ್‌ನ ಇಮೇಜ್ ಸರ್ಚ್‌ಗೆ ಹಾಕಿ, ಹಿಂದೆ ಎಲ್ಲೆಲ್ಲಿ ಬಂದಿತ್ತು ಅಂತ ನೋಡುತ್ತೇನೆ. ತೆಗೆದವರ ಹೆಸರು, ಏಜೆನ್ಸಿ, ತಾರೀಖು ಮೂರೂ ಸಿಗದಿದ್ದರೆ ಕಳಿಸುವುದಿಲ್ಲ. ಒಂದು ನಿಮಿಷದ ಕೆಲಸ. ಕ್ಯಾಮೆರಾ ಕಂಪನಿಗಳೂ ಈಗ ಫೋಟೋ ಕ್ಲಿಕ್ಕಿಸಿದ ಕ್ಷಣವೇ ಡಿಜಿಟಲ್ ಮೊಹರು ಬೀಳುವ ವ್ಯವಸ್ಥೆ ತರುತ್ತಿವೆ. 2023ರಲ್ಲಿ ಲೈಕಾ ಅಂಥ ಮೊದಲ ಕ್ಯಾಮೆರಾ ಬಿಟ್ಟಿತು. ಒಳ್ಳೆಯದೇ. ಆದರೆ ಮೊಹರು ಇರುವ ಫೋಟೋಗೂ ವಾಟ್ಸಾಪ್‌ನಲ್ಲಿ ಯಾರು ಬೇಕಾದರೂ ಬೇರೆ ಊರಿನ ಹೆಸರು ಅಂಟಿಸಬಹುದು, ಅಲ್ವಾ?

ನಾವು ಬೇರೆಯವರ ಫೋಟೋ ನೋಡುವವರು ಮಾತ್ರ ಅಲ್ಲ. ಒಂದು ಕಾಲಕ್ಕೆ ನಾವೇ ಫೋಟೋ ಆಗಿದ್ದೆವು. 2021ರ ಏಪ್ರಿಲ್, ಮೇ ತಿಂಗಳ ಕೋವಿಡ್ ಎರಡನೇ ಅಲೆ ನೆನಪಿದೆಯಲ್ಲ. ದೆಹಲಿಯ ಸ್ಮಶಾನದಲ್ಲಿ ಸಾಲುಸಾಲು ಚಿತೆ ಉರಿಯುವುದನ್ನು ಮೇಲಿನಿಂದ ಡ್ರೋನ್‌ನಲ್ಲಿ ತೆಗೆದ ಫೋಟೋ ಲೋಕವೆಲ್ಲ ಸುತ್ತಿತು. ಅದನ್ನೂ ತೆಗೆದದ್ದು ದಾನಿಶ್ ಅವರೇ. ಬೆಂಗಳೂರಿನ ಸುಮನಹಳ್ಳಿ ಚಿತಾಗಾರದ ಮುಂದೆ ಆಂಬುಲೆನ್ಸ್ ಸಾಲು. ನಗರದ ಅಂಚಿನ ಗಿಡ್ಡೇನಹಳ್ಳಿಯಲ್ಲಿ ಕಲ್ಲು ಕ್ವಾರಿಯನ್ನೇ ಸ್ಮಶಾನ ಮಾಡಿದ್ದರು. ಆ ಫೋಟೋಗಳೂ ಹೊರದೇಶಕ್ಕೆ ಹೋದವು. ನಮ್ಮ ಮನೆ ಸಾವನ್ನು ಬೀದಿಗೆ ಯಾಕೆ ತರುತ್ತೀರಿ ಎಂದು ಆಗ ಹಲವರು ಸಿಟ್ಟಾದರು. ನನಗೂ ಒಂದು ಗಳಿಗೆ ಹಾಗನ್ನಿಸಿತು. ಆ ವಾರ ನಮ್ಮ ಬೀದಿಯಲ್ಲೇ ಎರಡು ಸಾವಾಗಿತ್ತು. ಆದರೆ ಸರಕಾರಿ ಲೆಕ್ಕದಲ್ಲಿ ಒಂದು ಅಂಕಿ, ಸ್ಮಶಾನದಲ್ಲಿ ಬೇರೆ ಅಂಕಿ ಇದ್ದ ದಿನಗಳಲ್ಲಿ ಆ ಫೋಟೋಗಳೇ ಇರದಿದ್ದರೆ ಏನಾಗಿತ್ತು ಎಂದು ಆಮೇಲೆ ಯೋಚಿಸಿದೆ. ಸಿಟ್ಟು ಇಳಿಯಿತು. ಹಾಗೆಂದು ಸತ್ತವರ ಮನೆಯವರ ಮುಖಕ್ಕೆ ಕ್ಯಾಮೆರಾ ಹಿಡಿಯುವುದು ಸರಿ ಅಂತ ನಾನು ಹೇಳುವುದಿಲ್ಲ. ಆ ಗೆರೆ ಎಲ್ಲಿ ಎಳೆಯಬೇಕು ಎಂಬುದು ಒಳ್ಳೆಯ ಛಾಯಾಗ್ರಾಹಕನನ್ನು ಪ್ರತಿ ದಿನವೂ ಕಾಡುತ್ತದೆ.

ಇಂಥ ಫೋಟೋಗಳನ್ನೇ ನೋಡುತ್ತಿದ್ದರೆ ಇನ್ನೊಂದು ತಪ್ಪು ತಿಳಿವಳಿಕೆ ಬೆಳೆಯುತ್ತದೆ. ಸುಡಾನ್ ಅಂದರೆ ಹಸಿವು, ಗಾಜಾ ಅಂದರೆ ಕುಸಿದ ಕಟ್ಟಡ. ಅಲ್ಲಿ ಮದುವೆ ಆಗುವುದಿಲ್ಲವೇ, ಮಕ್ಕಳು ಪರೀಕ್ಷೆಗೆ ಓದುವುದಿಲ್ಲವೇ? ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಇದಕ್ಕೆ ಕೆಲಸದಲ್ಲೇ ಉತ್ತರ ಕೊಟ್ಟವರು. ‘ಲೈಫ್’ನಂಥ ವಿದೇಶಿ ಪತ್ರಿಕೆಗಳಿಗೆ ಫೋಟೋ ತೆಗೆಯುತ್ತಿದ್ದರೂ ಅವರ ಕ್ಯಾಮೆರಾ ಹೆಚ್ಚು ಹೊತ್ತು ನಿಲ್ಲುತ್ತಿದ್ದುದು ಸಾಮಾನ್ಯ ಜನರ ಸಾಮಾನ್ಯ ದಿನದ ಮೇಲೆ. ಅವರು ತೆಗೆದ ಮಕ್ಕಳ ಫೋಟೋಗಳು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ನ್ಯೂಯಾರ್ಕಿನ ವಿಶ್ವಸಂಸ್ಥೆ ಕಚೇರಿಯಲ್ಲಿ ಪ್ರದರ್ಶನಗೊಂಡವು. ಭಾರತ ಅಂದರೆ ಬರೀ ಬರಗಾಲ ಎಂದುಕೊಂಡಿದ್ದ ಕಣ್ಣುಗಳಿಗೆ ನಮ್ಮ ಮಕ್ಕಳನ್ನು ಮಕ್ಕಳಾಗಿಯೇ ತೋರಿಸಿದರು.

2025ರಲ್ಲಿ ವರ್ಲ್ಡ್ ಪ್ರೆಸ್ ಫೋಟೋ ಪ್ರಶಸ್ತಿ ಪಡೆದ ಚಿತ್ರ ನನಗೆ ಇಷ್ಟವಾದದ್ದೂ ಇದೇ ಕಾರಣಕ್ಕೆ. ಗಾಜಾದ ಸಮರ್ ಅಬು ಎಲೂಫ್ ತೆಗೆದದ್ದು. ಅದರಲ್ಲಿ ಹೊಗೆ ಇಲ್ಲ, ರಕ್ತ ಇಲ್ಲ. ಒಂಬತ್ತು ವರ್ಷದ ಹುಡುಗ, ಬಿಳಿ ಬನಿಯನ್, ಮುಖದ ಮೇಲೆ ಬೆಳಕು. ಮೊದಲು ಕಾಣುವುದು ಅವನ ಚಂದದ ಮುಖ. ಆಮೇಲೆ ಕಣ್ಣು ಕೆಳಗೆ ಇಳಿಯುತ್ತದೆ, ಎರಡೂ ಕೈ ಇಲ್ಲ ಎಂದು ತಿಳಿಯುತ್ತದೆ. ಚಿಕಿತ್ಸೆಗೆಂದು ಬಂದಿದ್ದ ಅವನನ್ನು ದೋಹಾದಲ್ಲಿ ತೆಗೆದ ಫೋಟೋ. ತೆಗೆದಾಕೆಯೂ ಗಾಜಾ ಬಿಟ್ಟು ಬಂದು ಅದೇ ವಸತಿ ಸಂಕೀರ್ಣದಲ್ಲಿ ಇದ್ದವಳು. ಅಕ್ಕಪಕ್ಕದ ಮನೆಯವಳ ಕಣ್ಣಿನಿಂದ ತೆಗೆದ ಫೋಟೋ ಅದು. ಸುಮ್ಮನೆ ಮರುಕ ಹುಟ್ಟಿಸುವುದಿಲ್ಲ, ಆ ಹುಡುಗನ ಪರಿಚಯ ಮಾಡಿಸುತ್ತದೆ.

ಗಾಜಾ ಯುದ್ಧದಲ್ಲಿ ವಿದೇಶಿ ಪತ್ರಕರ್ತರು ಸ್ವತಂತ್ರವಾಗಿ ಒಳಗೆ ಹೋಗಲು ಇಸ್ರೇಲ್ ಬಿಡಲಿಲ್ಲ. ನಾವು ನೋಡಿದ ಫೋಟೋಗಳೆಲ್ಲ ಬಹುತೇಕ ಅಲ್ಲಿನವರೇ ತೆಗೆದದ್ದು. ಬಾಂಬೂ ಅವರ ಮನೆ ಮೇಲೆ, ಹಸಿವೂ ಅವರ ಹೊಟ್ಟೆಗೆ. ಪತ್ರಕರ್ತರ ರಕ್ಷಣಾ ಸಮಿತಿಯ ಲೆಕ್ಕದ ಪ್ರಕಾರ ಅಲ್ಲಿ ಸತ್ತ ಪತ್ರಕರ್ತರು, ಮಾಧ್ಯಮ ಸಿಬ್ಬಂದಿ 150ಕ್ಕೂ ಹೆಚ್ಚು. 2025ರ ಜುಲೈನಲ್ಲಿ ಎಎಫ್‌ಪಿಯ ಪತ್ರಕರ್ತರ ಸಂಘ, ಅಲ್ಲಿರುವ ನಮ್ಮ ಸಹೋದ್ಯೋಗಿಗಳು ಹಸಿವಿನಿಂದ ಸಾಯುವ ಸ್ಥಿತಿಯಲ್ಲಿದ್ದಾರೆ ಎಂದು ಬಹಿರಂಗವಾಗಿ ಹೇಳಿತು. ಇಷ್ಟರ ನಡುವೆಯೂ ಗಾಜಾದಿಂದ ಫೋಟೋ ಬಂತು. ಬಂದದ್ದರಿಂದಲೇ ನಮ್ಮ ಹಳ್ಳಿಯ ಹೋಟೆಲಿನಲ್ಲೂ ಗಾಜಾ ಎಂಬ ಹೆಸರು ಕೇಳಿಸುತ್ತದೆ. ಸರಿಯೋ ತಪ್ಪೋ, ಜನ ಮಾತಾಡುತ್ತಾರೆ.

ಫೋಟೋ ಬಾರದ ಊರುಗಳ ಕತೆ ಏನು? ನನ್ನ ತಲೆಯಲ್ಲಿ ಈಚೆಗೆ ಸುತ್ತುತ್ತಿರುವುದು ಇದೇ.

ನಮ್ಮ ದೇಶದ್ದೇ ಹಳೆಯ ಉದಾಹರಣೆ ಇದೆ. 1943ರಲ್ಲಿ ಬಂಗಾಳದಲ್ಲಿ ಜನ ಹಸಿವಿನಿಂದ ಬೀದಿಯಲ್ಲಿ ಬಿದ್ದು ಸಾಯುತ್ತಿದ್ದರು. ಯುದ್ಧಕಾಲದ ಸೆನ್ಸಾರ್ ಇತ್ತು, ಬ್ರಿಟಿಷ್ ಸರಕಾರ ಕ್ಷಾಮ ಎಂಬ ಮಾತನ್ನೇ ಒಪ್ಪುತ್ತಿರಲಿಲ್ಲ. ಕಲ್ಕತ್ತದ ‘ಸ್ಟೇಟ್ಸ್‌ಮನ್’ ಬ್ರಿಟಿಷರದೇ ಪತ್ರಿಕೆ. ಅದರ ಸಂಪಾದಕ ಇಯಾನ್ ಸ್ಟೀಫನ್ಸ್ ಆಗಸ್ಟ್ 22ರ ಭಾನುವಾರ ಬೀದಿಹೆಣಗಳ, ಎಲುಬುಗೂಡಾದ ಮಕ್ಕಳ ಫೋಟೋ ಅಚ್ಚು ಹಾಕಿಬಿಟ್ಟರು. ಸರಕಾರ ಮುಚ್ಚಿಟ್ಟದ್ದು ಲಂಡನ್, ವಾಷಿಂಗ್ಟನ್‌ಗೆ ಗೊತ್ತಾಯಿತು. ಅಕ್ಟೋಬರ್‌ನಲ್ಲಿ ಬಂದ ಹೊಸ ವೈಸರಾಯ್ ವೇವೆಲ್ ಕಲ್ಕತ್ತಕ್ಕೆ ಹೋಗಿ, ಪರಿಹಾರದ ಕೆಲಸಕ್ಕೆ ಸೈನ್ಯ ಇಳಿಸಿದರು. ಅಷ್ಟು ಹೊತ್ತಿಗೆ ತಡವಾಗಿತ್ತು. ಒಟ್ಟು ಸತ್ತವರು 30 ಲಕ್ಷದವರೆಗೆ ಎಂದು ಅಂದಾಜು. ಫೋಟೋ ನಾಲ್ಕು ತಿಂಗಳು ಮೊದಲೇ ಬಂದಿದ್ದರೆ ಎಂದು ಓದಿದಾಗಲೆಲ್ಲ ಅನ್ನಿಸುತ್ತದೆ.

ಈಗ ಸುಡಾನ್. 2023ರ ಏಪ್ರಿಲ್ 15ರಂದು ಅಲ್ಲಿನ ಸೇನೆಗೂ ಆರ್‌ಎಸ್‌ಎಫ್ ಎಂಬ ಅರೆಸೇನಾ ಪಡೆಗೂ ಯುದ್ಧ ಶುರುವಾಯಿತು. ಒಂದು ಕೋಟಿಗೂ ಹೆಚ್ಚು ಜನ ಮನೆ ಬಿಟ್ಟರು. ಲೋಕದಲ್ಲೇ ಅತಿ ದೊಡ್ಡ ಸ್ಥಳಾಂತರದ ಸಂಕಟ ಇದು ಎಂದು ವಿಶ್ವಸಂಸ್ಥೆ ಹೇಳಿತು. ಡಾರ್ಫುರ್ ಸೀಮೆಯ ಎಲ್ ಫಾಶರ್ ನಗರವನ್ನು ಆರ್‌ಎಸ್‌ಎಫ್ 500 ದಿನಕ್ಕೂ ಜಾಸ್ತಿ ಸುತ್ತುಗಟ್ಟಿ ಕೂತಿತ್ತು. ಹೊರಗಿನ ಪತ್ರಕರ್ತರಿಗೆ ದಾರಿಯಿಲ್ಲ, ಒಳಗಿದ್ದವರಿಗೆ ಇಂಟರ್‌ನೆಟ್ ಸಿಗುವುದೇ ಅಪರೂಪ. ಊರು ಹಸಿವಿನಿಂದ ಬಳಲುತ್ತಿದ್ದಾಗ ನಮ್ಮ ಪೇಪರಿನ ವಿದೇಶ ಪುಟದಲ್ಲಿ ಎಲ್ ಫಾಶರ್‌ನ ಫೋಟೋ ನಾನು ಹುಡುಕಿದ್ದೇನೆ. ತಿಂಗಳುಗಟ್ಟಲೆ ಕಾಣಲಿಲ್ಲ. ಪೇಪರಿನವರ ತಪ್ಪು ಅಂತಲೂ ಅಲ್ಲ. ಏಜೆನ್ಸಿಗೇ ಫೋಟೋ ಬರದಿದ್ದರೆ ಡೆಸ್ಕಿನಲ್ಲಿ ಕೂತವರು ಏನು ಹಾಕಬೇಕು? ಫೋಟೋ ಇಲ್ಲದ ಸುದ್ದಿಗೆ ಒಂದು ಕಾಲಂ ಸಿಕ್ಕರೆ ಹೆಚ್ಚು.

2025ರ ಅಕ್ಟೋಬರ್ 26ರಂದು ಊರು ಆರ್‌ಎಸ್‌ಎಫ್ ಕೈಗೆ ಬಿತ್ತು. ಹೆರಿಗೆ ಆಸ್ಪತ್ರೆಯೊಂದರಲ್ಲಿ 460ಕ್ಕೂ ಹೆಚ್ಚು ಜನರನ್ನು ಕೊಂದ ವರದಿಗಳು ಬಂದಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಆಗ ಹೊರಬಂದ ದೃಶ್ಯಗಳು ಎರಡು ಬಗೆಯವು. ಕೊಂದವರೇ ತಮ್ಮ ಫೋನಿನಲ್ಲಿ ತೆಗೆದು ಹಾಕಿಕೊಂಡ ವಿಡಿಯೋಗಳು. ಇನ್ನೊಂದು ಆಕಾಶದಿಂದ ತೆಗೆದ ಉಪಗ್ರಹ ಚಿತ್ರಗಳು. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ತಂಡವೊಂದು ಆ ಚಿತ್ರಗಳನ್ನು ಇಂಚಿಂಚು ನೋಡಿ, ನೆಲದ ಮೇಲೆ ಮನುಷ್ಯರ ದೇಹದ ಅಳತೆಯ ಗುರುತುಗಳು ಗುಂಪುಗುಂಪಾಗಿವೆ, ಪಕ್ಕದ ಮಣ್ಣು ಕೆಂಪಾಗಿದೆ ಎಂದು ಬರೆಯಿತು. ಸತ್ತವರ ಪರವಾಗಿ ತೆಗೆದ, ಮುಖ ಕಾಣುವ ಫೋಟೋ ಆ ದಿನಗಳಲ್ಲಿ ಇರಲಿಲ್ಲ ಅನ್ನುವಷ್ಟು ಕಡಿಮೆ.

ಆ ಉಪಗ್ರಹ ಚಿತ್ರ ಫೋನಿನಲ್ಲಿ ಬಂದ ದಿನ ಅಮ್ಮನಿಗೆ ತೋರಿಸಿದೆ. ಹತ್ತು ವರ್ಷದಲ್ಲಿ ಅವರ ಕಣ್ಣು ಮಂಜಾಗಿದೆ, ಕನ್ನಡಕ ಹಾಕಿಕೊಂಡು ಹತ್ತಿರ ಹಿಡಿದು ನೋಡಿದರು. ಹಳದಿ ಮಣ್ಣು, ಚೌಕ ಚೌಕ ಮನೆಗಳು, ಅಲ್ಲಲ್ಲಿ ಚುಕ್ಕಿ. ಬೆರಳಲ್ಲಿ ದೊಡ್ಡದು ಮಾಡಿ ತೋರಿಸಿದೆ.

“ಇದರಲ್ಲಿ ಜನ ಎಲ್ಲಿದ್ದಾರೋ?” ಅಂದರು.

ಚುಕ್ಕಿ ತೋರಿಸಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಊರ ಹೆಸರು ಕೇಳಿದರು. ಹೇಳಿದೆ. ನಾಲಗೆ ತಿರುಗಲಿಲ್ಲ, ಇನ್ನೊಂದು ಸಲ ಹೇಳಿಸಿಕೊಂಡರು. “ಎಲ್ ಫಾಶರ್” ಎಂದು ತಾವೇ ಮೆಲ್ಲಗೆ ಹೇಳಿ ನೋಡಿಕೊಂಡು, ಫೋನ್ ನನ್ನ ಕೈಗೆ ಕೊಟ್ಟರು.